ಹಂಗುಲ್ ಪಠ್ಯ ಒಡೆದು ಕಂಡಾಗ: ದೋಷದ ಮೂಲವನ್ನು ಬೈಟ್‌ಗಳಲ್ಲಿ ಪತ್ತೆಹಚ್ಚುವ ಕ್ರಮ

ಕೊರಿಯನ್ ಭಾಷೆಯ ಕಡತವೊಂದನ್ನು ತೆರೆದಾಗ ಅಕ್ಷರಗಳಿರಬೇಕಾದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೋ ಗೀಟು ಹೊತ್ತ ಲ್ಯಾಟಿನ್ ಅಕ್ಷರಗಳೋ ಕಂಡರೆ, ಹೆಚ್ಚಿನವರು ಮೊದಲು ಫಾಂಟ್ ಬದಲಿಸಿ ನೋಡುತ್ತಾರೆ. ಅದು ಫಲಿಸದಿದ್ದರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಪದ್ಧತಿ) ಪಟ್ಟಿಯಲ್ಲಿರುವುದನ್ನೆಲ್ಲ ಒಂದೊಂದಾಗಿ ಆರಿಸುತ್ತ ಹೋಗಿ, ಯಾವುದೋ ಒಂದರಲ್ಲಿ ಅರ್ಧ ಸರಿಯಾದಂತೆ ಕಂಡೊಡನೆ ಕಡತವನ್ನು ಉಳಿಸಿಬಿಡುತ್ತಾರೆ. ಹಾನಿಯಾಗುವುದು ಆ ಉಳಿಸುವ ಗಳಿಗೆಯಲ್ಲಿ. ಅಲ್ಲಿಯವರೆಗೆ ದೋಷವಿದ್ದದ್ದು ಓದುವ ಬಗೆಯಲ್ಲಿ ಮಾತ್ರ, ಉಳಿಸಿದ ಮೇಲೆ ಅದು ಕಡತದೊಳಗೇ ಇಳಿದುಬಿಡುತ್ತದೆ. ಆದ್ದರಿಂದ ಈ ಬರಹದಲ್ಲಿ ನಾನು ಮತ್ತೆ ಮತ್ತೆ ಹೇಳುವ ಮಾತು ಒಂದೇ: ಮೂಲ ಕಡತದ ಪ್ರತಿಯೊಂದನ್ನು ಬೇರೆ ಕಡೆ ಇಟ್ಟು, ಪರದೆಯ ಮೇಲಿನ ರೂಪವನ್ನು ನಂಬದೆ, ಒಳಗಿರುವ ಬೈಟ್‌ಗಳನ್ನು, ಅಂದರೆ 0ರಿಂದ 255ರವರೆಗಿನ ಸಂಖ್ಯೆಗಳನ್ನು ನೋಡಿ, ರೋಗ ಯಾವುದೆಂದು ತಿಳಿದ ಮೇಲೆ ಮಾತ್ರ ಕಡತಕ್ಕೆ ಕೈ ಹಾಕಿ.

ಬೆಂಗಳೂರಿನ ಒಂದು ಕಚೇರಿಯಲ್ಲಿ ಸಿಯೋಲ್‌ನಿಂದ ಬಂದ ಸರಕುಪಟ್ಟಿಯನ್ನು ದತ್ತಾಂಶ ಕೋಶಕ್ಕೆ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಟ್ಟಿಯ ಬಹುತೇಕ ಸಾಲುಗಳು ಸರಿಯಾಗಿದ್ದವು. ಎಲ್ಲೋ ಕೆಲವು ಹೆಸರುಗಳಲ್ಲಿ ಮಾತ್ರ ಒಂದು ಕೊರಿಯನ್ ಅಕ್ಷರ ಮಾಯವಾಗಿ, ಅದರ ಜಾಗದಲ್ಲಿ ಇಂಗ್ಲಿಷಿನ ಒಂದು ಅಕ್ಷರ ಅನಾಥವಾಗಿ ನಿಂತಿರುತ್ತಿತ್ತು. ಕಳುಹಿಸಿದವರ ಟೈಪಿಂಗ್ ತಪ್ಪೆಂದು ಭಾವಿಸಿ ಎರಡು ದಿನ ಕಳೆದೆ. ತಪ್ಪು ಅವರದಾಗಿರಲಿಲ್ಲ. ಅದರ ಕಾರಣವನ್ನು ಮುಂದೆ ವಿವರಿಸುತ್ತೇನೆ. ಅದಕ್ಕೆ ಮೊದಲು ಹಂಗುಲ್ ಲಿಪಿಯನ್ನು ಯಂತ್ರದೊಳಗೆ ಹೇಗೆ ಇಡುತ್ತಾರೆ ಎಂಬುದು ತಿಳಿದಿರಬೇಕು.

ಒಂದು ಚೌಕ, ಹಲವು ಲೆಕ್ಕ

ರಾಜ ಸೇಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ವ್ಯಂಜನಕ್ಕೂ ಸ್ವರಕ್ಕೂ ಬೇರೆ ಬೇರೆ ಬಿಡಿ ಅಕ್ಷರಗಳಿವೆ. ಅವನ್ನು ಜಾಮೊ ಎನ್ನುತ್ತಾರೆ. ಆದರೆ ಬರೆಯುವಾಗ ಜಾಮೊಗಳನ್ನು ಸಾಲಾಗಿ ಜೋಡಿಸದೆ, ಒಂದು ಉಚ್ಚಾರಾಂಶಕ್ಕೆ ಒಂದು ಚೌಕ ಎಂಬಂತೆ ಗುಂಪುಗೂಡಿಸಿ ಬರೆಯುತ್ತಾರೆ. ಚೌಕದಲ್ಲಿ ಆರಂಭದ ವ್ಯಂಜನ ಮತ್ತು ಸ್ವರ ಇರಲೇಬೇಕು. ಕೊನೆಯ ವ್ಯಂಜನ ಇರಬಹುದು, ಇಲ್ಲದಿರಬಹುದು. ಇಂದಿನ ಬರವಣಿಗೆಯಲ್ಲಿ ಆರಂಭಕ್ಕೆ 19, ಸ್ವರಕ್ಕೆ 21, ಕೊನೆಗೆ 27 ಆಯ್ಕೆಗಳಿದ್ದು, ಕೊನೆಯದು ಇಲ್ಲದಿರುವುದನ್ನೂ ಸೇರಿಸಿದರೆ 28 ಆಗುತ್ತದೆ. ಮೂರನ್ನೂ ಗುಣಿಸಿದರೆ ಸಾಧ್ಯವಿರುವ ಚೌಕಗಳು 11,172.

ಕನ್ನಡಿಗರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ನಮ್ಮ ‘ಕ್ಷ’ ಕಣ್ಣಿಗೆ ಒಂದೇ ಅಕ್ಷರವಾದರೂ, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತಸಂಖ್ಯೆ ಕೊಡುವ ಯುನಿಕೋಡ್ ಮಾನಕದಲ್ಲಿ ಅದು ಕಕಾರ, ವಿರಾಮ ಚಿಹ್ನೆ ಮತ್ತು ಷಕಾರ ಎಂಬ ಮೂರು ಸಂಕೇತಗಳ ಸಾಲು. ಅವನ್ನು ಕೂಡಿಸಿ ತೋರಿಸುವ ಹೊಣೆ ಫಾಂಟ್‌ನದು. ಹಂಗುಲ್‌ಗೆ ಈ ದಾರಿಯೂ ಇದೆ, ಇದರ ಜೊತೆಗೆ ಇನ್ನೊಂದು ದಾರಿಯೂ ಇದೆ: 11,172 ಚೌಕಗಳಲ್ಲಿ ಪ್ರತಿಯೊಂದಕ್ಕೂ ಸ್ವಂತ ಸಂಕೇತಸಂಖ್ಯೆಯನ್ನೇ ಕೊಟ್ಟಿದ್ದಾರೆ. ಒಂದೇ ಚೌಕವನ್ನು ಎರಡು ಬಗೆಯಲ್ಲಿ ಬರೆಯಬಹುದಾದ್ದರಿಂದಲೇ ಅರ್ಧದಷ್ಟು ತೊಂದರೆಗಳು ಹುಟ್ಟುತ್ತವೆ.

ಚೌಕಗಳ ಸಂಕೇತಸಂಖ್ಯೆಗಳು 44032ರಿಂದ 55203ರವರೆಗೆ ಎಡೆಬಿಡದೆ ಸಾಗುತ್ತವೆ. ಇಲ್ಲಿ ಎಲ್ಲ ಸಂಖ್ಯೆಗಳನ್ನೂ ದಶಮಾನದಲ್ಲೇ ಕೊಡುತ್ತಿದ್ದೇನೆ. ಜಾಮೊಗಳ ಕ್ರಮಾಂಕವನ್ನು ಸೊನ್ನೆಯಿಂದ ಎಣಿಸಿ, ಆರಂಭದ ಕ್ರಮಾಂಕವನ್ನು 21ರಿಂದ ಗುಣಿಸಿ ಸ್ವರದ ಕ್ರಮಾಂಕವನ್ನು ಕೂಡಿಸಬೇಕು. ಬಂದದ್ದನ್ನು 28ರಿಂದ ಗುಣಿಸಿ ಕೊನೆಯ ವ್ಯಂಜನದ ಕ್ರಮಾಂಕವನ್ನು ಕೂಡಿಸಬೇಕು. ಅದಕ್ಕೆ 44032 ಸೇರಿಸಿದರೆ ಚೌಕದ ಸಂಖ್ಯೆ ಸಿಗುತ್ತದೆ. ‘ಹಂಗುಲ್’ ಎಂಬ ಹೆಸರಿನ ಮೊದಲ ಚೌಕವನ್ನೇ ತೆಗೆದುಕೊಳ್ಳೋಣ. ಹಕಾರದ ಕ್ರಮಾಂಕ 18, ಅಕಾರದ್ದು 0, ಕೊನೆಯ ನಕಾರದ್ದು 4. ಲೆಕ್ಕ ಹಾಕಿದರೆ 10588 ಬರುತ್ತದೆ, 44032 ಸೇರಿಸಿದರೆ 54620. ಎರಡನೆಯ ಚೌಕದ ಸಂಖ್ಯೆ 44544. ಈ ಎರಡು ಚೌಕಗಳನ್ನೇ ಮುಂದೆ ಎಲ್ಲ ಪರೀಕ್ಷೆಗಳಿಗೂ ಮಾದರಿಯಾಗಿ ಬಳಸುತ್ತೇನೆ.

ಬೆರಳಚ್ಚು ನೋಡುವುದು

ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ‘ಓಡಿ’ (od) ಎಂಬ ಆಜ್ಞೆ ಕಡತದ ಬೈಟ್‌ಗಳನ್ನು ದಶಮಾನದಲ್ಲೇ ತೋರಿಸಬಲ್ಲದು. ವಿಂಡೋಸ್‌ನಲ್ಲಿ ಯಾವುದಾದರೂ ಹೆಕ್ಸ್ ಎಡಿಟರ್ ಸಾಕು, ಪೈಥಾನ್ ಬಲ್ಲವರು ಕಡತವನ್ನು ಬೈನರಿ ಬಗೆಯಲ್ಲಿ ತೆರೆದು ಪಟ್ಟಿ ಮಾಡಿಕೊಳ್ಳಬಹುದು. ಕಡತದಲ್ಲಿ ಏನಿರಬೇಕೆಂದು ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಪದವನ್ನು ಆರಿಸಿಕೊಂಡು, ಅದಿರುವ ಜಾಗದ ಬೈಟ್‌ಗಳನ್ನು ಓದಿ.

ನಮ್ಮ ಮಾದರಿಯ ಎರಡು ಚೌಕಗಳು, ಯುನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ 237, 149, 156 ಮತ್ತು 234, 184, 128 ಎಂಬ ಆರು ಬೈಟ್‌ಗಳಾಗುತ್ತವೆ. ಯುಟಿಎಫ್-8ರಲ್ಲಿ ಹಂಗುಲ್ ಚೌಕ ಯಾವುದೇ ಇರಲಿ, ಅದರ ಮೊದಲ ಬೈಟ್ 234, 235, 236, 237 ಈ ನಾಲ್ಕರಲ್ಲಿ ಒಂದೇ ಆಗಿರುತ್ತದೆ. ಉಳಿದೆರಡು 128ರಿಂದ 191ರ ನಡುವೆ ಇರುತ್ತವೆ. ಮೂರು ಬೈಟ್‌ಗಳಿಗೊಮ್ಮೆ ಈ ನಾಲ್ಕು ಸಂಖ್ಯೆಗಳು ಮರುಕಳಿಸುತ್ತಿದ್ದರೆ ಹೆಚ್ಚಿನ ವಿಚಾರಣೆಯ ಅಗತ್ಯವೇ ಇಲ್ಲ. ಹೋಲಿಕೆಗೆ ಹೇಳುವುದಾದರೆ, ಕನ್ನಡ ಪಠ್ಯದಲ್ಲಿ ಇದೇ ಬಗೆಯಲ್ಲಿ 224ರ ನಂತರ 178 ಅಥವಾ 179 ಬರುತ್ತಿರುತ್ತದೆ.

ಇಯುಸಿ-ಕೆಆರ್ ಎಂಬ ಕೊರಿಯಾದ ಹಳೆಯ ಎನ್‌ಕೋಡಿಂಗ್‌ನಲ್ಲಿ ಅದೇ ಪದ 199, 209, 177, 219 ಎಂಬ ನಾಲ್ಕೇ ಬೈಟ್‌ಗಳಾಗುತ್ತದೆ. ಚೌಕಕ್ಕೆ ಎರಡು ಬೈಟ್. ಮೊದಲನೆಯದು 176ರಿಂದ 200ರೊಳಗೆ, ಎರಡನೆಯದು 161ರಿಂದ 254ರೊಳಗೆ ಇರುತ್ತದೆ. ಜಾಮೊಗಳಾಗಿ ಬಿಡಿಸಿಟ್ಟ ಯುಟಿಎಫ್-8 ಪಠ್ಯದಲ್ಲಾದರೆ 225 ಮತ್ತೆ ಮತ್ತೆ ಬರುತ್ತದೆ, ಅದರ ನಂತರವೇ 132ರಿಂದ 135ರವರೆಗಿನ ಒಂದು ಸಂಖ್ಯೆ ಇರುತ್ತದೆ. ಮಾದರಿಯ ಮೊದಲ ಚೌಕವೊಂದೇ 225, 132, 146, 225, 133, 161, 225, 134, 171 ಎಂದು ಒಂಬತ್ತು ಬೈಟ್‌ಗಳಷ್ಟು ಉದ್ದವಾಗುತ್ತದೆ. ಜೊಹಾಪ್ ಎಂಬ ಹಳೆಯ ಜೋಡಣೆ ಪದ್ಧತಿಯಲ್ಲಿ ನಮ್ಮ ಪದ 208, 101, 139, 105 ಆಗುತ್ತದೆ. ಹದಿನಾರು ಬಿಟ್‌ಗಳಲ್ಲಿ ಮೊದಲನೆಯದನ್ನು ಗುರುತಿಗೆ ಇಟ್ಟು, ಉಳಿದ ಹದಿನೈದನ್ನು ಮೂರು ಜಾಮೊಗಳಿಗೆ ಐದೈದರಂತೆ ಹಂಚುವ ಸೊಗಸಾದ ಏರ್ಪಾಡು ಅದು. ಇಂದು ಅದು ಕಾಣಸಿಗುವುದು 1990ರ ಆಸುಪಾಸಿನ ಕಡತಗಳಲ್ಲಿ ಮಾತ್ರ.

ಈ ನಾಲ್ಕು ಬೆರಳಚ್ಚುಗಳನ್ನು ಕೈಗೆಟಕುವಂತೆ ಬರೆದಿಟ್ಟುಕೊಂಡರೆ, ಮುಂದೆ ಹೇಳುವ ಲಕ್ಷಣಗಳಲ್ಲಿ ಯಾವುದು ಎದುರಾದರೂ ಕಾರಣವನ್ನು ಊಹಿಸಬೇಕಾಗಿ ಬರುವುದಿಲ್ಲ.

ಲ್ಯಾಟಿನ್ ಅಕ್ಷರಗಳು ಕಂಡರೆ

ಕೊರಿಯನ್ ಪಠ್ಯವನ್ನು ಪಾಶ್ಚಾತ್ಯ ಭಾಷೆಗಳ ವಿಂಡೋಸ್-1252 ಎನ್‌ಕೋಡಿಂಗ್ ಎಂದು ತಿಳಿದು ಓದಿದಾಗ ಹೀಗಾಗುತ್ತದೆ. ಭಾರತದಲ್ಲಿ ಇಂಗ್ಲಿಷ್ ವಿಂಡೋಸ್ ಬಳಸುವವರಿಗೆ ಹೆಚ್ಚಾಗಿ ಎದುರಾಗುವ ಲಕ್ಷಣ ಇದೇ. ಮೂಲ ಯುಟಿಎಫ್-8 ಆಗಿದ್ದರೆ ನಮ್ಮ ಪದದ ಜಾಗದಲ್ಲಿ ಓರೆಗೀಟು ಹೊತ್ತ ‘ಐ’, ದಪ್ಪ ಚುಕ್ಕೆ, ‘ಒ’ ಮತ್ತು ‘ಇ’ ಬೆಸೆದ ಅಕ್ಷರ, ಟೋಪಿ ಹೊತ್ತ ‘ಇ’, ಒಂದು ಬಾಲಚಿಹ್ನೆ, ಕೊನೆಗೆ ಯೂರೊ ಗುರುತು ಕಾಣುತ್ತವೆ. ಮೂಲ ಇಯುಸಿ-ಕೆಆರ್ ಆಗಿದ್ದರೆ ಯೂರೊ ಗುರುತಾಗಲಿ ದಪ್ಪ ಚುಕ್ಕೆಯಾಗಲಿ ಕಾಣುವುದಿಲ್ಲ. ಗೀಟು ಹೊತ್ತ ದೊಡ್ಡಕ್ಷರಗಳೂ ಕೂಡು-ಕಳೆ ಚಿಹ್ನೆಯಂಥವೂ ಕಾಣುತ್ತವೆ. ಬೈಟ್ ತೆರೆಯುವ ಮೊದಲೇ ಕಣ್ಣಳತೆಯಿಂದ ಎರಡನ್ನೂ ಬೇರ್ಪಡಿಸಬಹುದು.

ಕಡತವನ್ನು ಇನ್ನೂ ಉಳಿಸಿಲ್ಲವಾದರೆ ಸರಿಯಾದ ಎನ್‌ಕೋಡಿಂಗ್ ಆರಿಸಿ ಮತ್ತೆ ತೆರೆದರೆ ಸಾಕು. ಯಾರೋ ಈಗಾಗಲೇ ತಪ್ಪಾಗಿ ಉಳಿಸಿದ್ದರೆ, ಕಾಣುತ್ತಿರುವ ಲ್ಯಾಟಿನ್ ಅಕ್ಷರಗಳನ್ನು ವಿಂಡೋಸ್-1252ರ ಬೈಟ್‌ಗಳಿಗೆ ಹಿಂದಿರುಗಿಸಿ, ಆ ಬೈಟ್‌ಗಳನ್ನು ಮೂಲ ಎನ್‌ಕೋಡಿಂಗ್‌ನಲ್ಲಿ ಓದಿಸಬೇಕು. ಇಯುಸಿ-ಕೆಆರ್ ಮೂಲವಾದರೆ ಇದು ಪೂರ್ಣವಾಗಿ ಫಲಿಸುತ್ತದೆ, ಏಕೆಂದರೆ 161ರಿಂದ 254ರವರೆಗಿನ ಎಲ್ಲ ಬೈಟ್‌ಗಳಿಗೂ ವಿಂಡೋಸ್-1252ರಲ್ಲಿ ಅಕ್ಷರಗಳಿವೆ. ಯುಟಿಎಫ್-8 ಮೂಲವಾದರೆ ಒಂದು ತೊಡಕಿದೆ: 129, 141, 143, 144, 157 ಈ ಐದು ಬೈಟ್‌ಗಳಿಗೆ ಅಲ್ಲಿ ಅಕ್ಷರವೇ ಇಲ್ಲ, ಆದ್ದರಿಂದ ಅವಿರುವ ಚೌಕಗಳು ಮಧ್ಯದ ತಂತ್ರಾಂಶವನ್ನು ಅವಲಂಬಿಸಿ ಉಳಿಯಲೂಬಹುದು, ಅಳಿಯಲೂಬಹುದು.

ಅಲ್ಪವಿರಾಮದಿಂದ ಬೇರ್ಪಡಿಸಿದ ಸಿಎಸ್‌ವಿ ಪಟ್ಟಿಗಳಲ್ಲಿ ಈ ದೋಷಕ್ಕೆ ಹೆಚ್ಚಾಗಿ ಕಾರಣ ಎಕ್ಸೆಲ್ ಅವನ್ನು ತೆರೆಯುವ ರೀತಿ. ಕಡತದ ಮೊದಲಿಗೆ 239, 187, 191 ಎಂಬ ಮೂರು ಗುರುತಿನ ಬೈಟ್‌ಗಳಿಲ್ಲದಿದ್ದರೆ ಎಕ್ಸೆಲ್ ಅದನ್ನು ಆಯಾ ಯಂತ್ರದ ಸ್ಥಳೀಯ ಎನ್‌ಕೋಡಿಂಗ್‌ನಲ್ಲಿ ಓದುತ್ತದೆ. ಕೊರಿಯಾದ ಯಂತ್ರದಲ್ಲಿ ಚೆನ್ನಾಗಿ ತೆರೆದ ಪಟ್ಟಿ ನಮ್ಮಲ್ಲಿ ಒಡೆಯುವುದೂ, ನಾವು ಕಳುಹಿಸಿದ್ದು ಅಲ್ಲಿ ಒಡೆಯುವುದೂ ಇದರಿಂದಲೇ. ಪಟ್ಟಿಯನ್ನು ನೇರವಾಗಿ ಕ್ಲಿಕ್ಕಿಸಿ ತೆರೆಯದೆ, ದತ್ತಾಂಶ ಆಮದು ಮಾಡುವ ಮೆನುವಿನಿಂದ ಎನ್‌ಕೋಡಿಂಗ್ ಆರಿಸಿ ತೆರೆಯಬೇಕು.

ಕೆಲವೇ ಚೌಕಗಳು ಮಾಯವಾಗಿದ್ದರೆ

ನನ್ನ ಎರಡು ದಿನ ತಿಂದದ್ದು ಈ ದೋಷ. ಎಲ್ಲವೂ ಒಡೆದರೆ ಯಾರಾದರೂ ಗಮನಿಸುತ್ತಾರೆ. ಸಾವಿರಕ್ಕೊಂದು ಒಡೆದರೆ ಅದು ತಿಂಗಳುಗಟ್ಟಲೆ ದತ್ತಾಂಶ ಕೋಶದಲ್ಲಿ ಅಡಗಿ ಕೂರುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ದಕ್ಷಿಣ ಕೊರಿಯಾ 1987ರಲ್ಲಿ ರೂಪಿಸಿದ ಕೆಎಸ್ ಸಿ 5601 ಎಂಬ ರಾಷ್ಟ್ರೀಯ ಮಾನಕಕ್ಕೆ ಮುಂದೆ ಕೆಎಸ್ ಎಕ್ಸ್ 1001 ಎಂದು ಹೆಸರಾಯಿತು. ಅದರಲ್ಲಿ 94 ಅಂಕಣಗಳ 94 ಸಾಲುಗಳಿದ್ದು, ಹಂಗುಲ್‌ಗೆ ಸಿಕ್ಕಿದ್ದು 25 ಸಾಲುಗಳು, ಅಂದರೆ 2,350 ಚೌಕಗಳು. ಉಳಿದ ಜಾಗದಲ್ಲಿ 4,888 ಚೀನೀ ಮೂಲದ ಹಾಂಜಾ ಅಕ್ಷರಗಳೂ ಇತರ ಚಿಹ್ನೆಗಳೂ ಕುಳಿತವು. ಬಳಕೆಯಲ್ಲಿ ಹೆಚ್ಚಾಗಿರುವ ಚೌಕಗಳನ್ನು ಆಯ್ದು ಸಿದ್ಧರೂಪದಲ್ಲೇ ಕೊಡುವ ಈ ಪದ್ಧತಿ 8,822 ಚೌಕಗಳನ್ನು ಹೊರಗೇ ಬಿಟ್ಟಿತು. ಇಯುಸಿ-ಕೆಆರ್ ನಿಂತಿರುವುದು ಈ ಮಾನಕದ ಮೇಲೆಯೇ. ಲಿಪಿಯ ನಿಯಮದಂತೆ ನಿರ್ದುಷ್ಟವಾಗಿರುವ ಅಕ್ಷರವನ್ನು ಯಂತ್ರ ಬರೆಯಲಾರದು ಎಂಬುದು ಎಂಥ ಕೊರತೆಯೆಂದು ನಮ್ಮಲ್ಲಿ ಒತ್ತಕ್ಷರಗಳಿಗಾಗಿ ಹೆಣಗಿದವರು ಬಲ್ಲರು. 1990ರಲ್ಲಿ ಅಲ್ಲಿನ ದೂರದರ್ಶನ ಧಾರಾವಾಹಿಯೊಂದರ ಹೆಸರಿನ ಮೊದಲ ಚೌಕವಾದ ‘ತ್ತೊಮ್’ ಈ 2,350ರಲ್ಲಿ ಇರಲಿಲ್ಲ; ಈ ಕೊರತೆಗೆ ಉದಾಹರಣೆ ಕೊಡುವಾಗ ಕೊರಿಯನ್ನರು ಇಂದಿಗೂ ಅದನ್ನೇ ನೆನೆಯುತ್ತಾರೆ.

ಮೈಕ್ರೋಸಾಫ್ಟ್ ವಿಂಡೋಸ್ 95ರೊಂದಿಗೆ ಈ ಕೊರತೆಯನ್ನು ತನ್ನದೇ ಬಗೆಯಲ್ಲಿ ತುಂಬಿತು. ಹಳೆಯ 2,350 ಚೌಕಗಳನ್ನು ಇದ್ದಲ್ಲೇ ಇಟ್ಟು, ಖಾಲಿ ಇದ್ದ ಬೈಟ್ ಜೋಡಿಗಳಲ್ಲಿ ಉಳಿದ 8,822 ಚೌಕಗಳನ್ನೂ ತುರುಕಿತು. ಇದೇ ಸಿಪಿ949. ಹೊಸ ಚೌಕಗಳ ಮೊದಲ ಬೈಟ್ 129ರಿಂದಲೇ ಆರಂಭವಾಗುತ್ತದೆ; ಎರಡನೆಯ ಬೈಟ್ 65ರಿಂದ 90, 97ರಿಂದ 122 ಅಥವಾ 129ರಿಂದ 254 ಆಗಿರಬಹುದು. 65ರಿಂದ 90 ಮತ್ತು 97ರಿಂದ 122 ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರಗಳ ಸಂಖ್ಯೆಗಳೆಂಬುದನ್ನು ಗಮನಿಸಿ. ‘ತ್ತೊಮ್’ ಸಿಪಿ949ರಲ್ಲಿ 140, 99 ಆಗುತ್ತದೆ. 99 ಎಂದರೆ ಇಂಗ್ಲಿಷಿನ ಚಿಕ್ಕ ‘ಸಿ’.

ನಮ್ಮ ಪಟ್ಟಿಯಲ್ಲಿ ಅನಾಥವಾಗಿ ನಿಂತಿದ್ದ ಅಕ್ಷರಗಳ ಮೂಲ ಇದು. ಕಡತ ಬಂದದ್ದು ಸಿಪಿ949ರಲ್ಲಿ, ಓದುವ ತಂತ್ರಾಂಶಕ್ಕೆ ಹೇಳಿದ್ದು ಇಯುಸಿ-ಕೆಆರ್ ಎಂದು, ಅದರ ಮೇಲೆ ಓದಲಾಗದ ಬೈಟ್‌ಗಳನ್ನು ಸದ್ದಿಲ್ಲದೆ ಕೈಬಿಡುವಂತೆ ಯಾರೋ ಹೊಂದಿಸಿಟ್ಟಿದ್ದರು. 140 ಎಂಬ ಬೈಟ್‌ಗೆ ಇಯುಸಿ-ಕೆಆರ್‌ನಲ್ಲಿ ಅರ್ಥವಿಲ್ಲವಾದ್ದರಿಂದ ಅದು ಕಸವಾಗಿ ಹೋಯಿತು, 99 ಮಾತ್ರ ಇಂಗ್ಲಿಷ್ ಅಕ್ಷರವಾಗಿ ಉಳಿಯಿತು. ಎರಡನೆಯ ಬೈಟ್ 161ಕ್ಕಿಂತ ದೊಡ್ಡದಾಗಿದ್ದ ಕಡೆ ಪರಿಣಾಮ ಇನ್ನೂ ಕೆಟ್ಟದಾಗಿತ್ತು: ಒಂಟಿಯಾದ ಆ ಬೈಟ್ ಮುಂದಿನ ಚೌಕದ ಮೊದಲ ಬೈಟಿನೊಡನೆ ಜೊತೆಗೂಡಿ, ಮುಂದಿನ ಖಾಲಿ ಜಾಗ ಬರುವವರೆಗೂ ಎಲ್ಲ ಜೋಡಿಗಳೂ ಒಂದೊಂದು ಬೈಟ್ ಜಾರಿದ್ದವು.

ಈ ದೋಷದ ಪತ್ತೆಯನ್ನು ಕಷ್ಟವಾಗಿಸುವ ಸಂಗತಿಯೊಂದಿದೆ. ಜಾಲತಾಣಗಳ ಎನ್‌ಕೋಡಿಂಗ್ ಮಾನಕದ ಪ್ರಕಾರ ಬ್ರೌಸರ್‌ಗಳು ‘ಇಯುಸಿ-ಕೆಆರ್’ ಎಂಬ ಹಣೆಪಟ್ಟಿ ಕಂಡರೂ ಸಿಪಿ949ರ ವಿಸ್ತೃತ ಪಟ್ಟಿಯಂತೆಯೇ ಓದುತ್ತವೆ. ಪೈಥಾನ್‌ನಂಥ ಭಾಷೆಗಳಲ್ಲಿ ಅವೆರಡೂ ಬೇರೆ ಬೇರೆ ಹೆಸರುಗಳು, ಬೇರೆ ಬೇರೆ ಪಟ್ಟಿಗಳು. ಆದ್ದರಿಂದ ಬ್ರೌಸರ್‌ನಲ್ಲಿ ಚೆನ್ನಾಗಿ ಕಾಣುವ ಕಡತ ತಂತ್ರಾಂಶದಲ್ಲಿ ಮುಗ್ಗರಿಸಿದರೆ, ಮೊದಲ ಸಂದೇಹ ಇಲ್ಲಿಯೇ ಹುಟ್ಟಬೇಕು. ಪರಿಹಾರ ಸರಳವಾಗಿದೆ: ಓದುವಾಗ ಯಾವಾಗಲೂ ಸಿಪಿ949 ಎಂದೇ ಹೇಳಿ, ಶುದ್ಧ ಇಯುಸಿ-ಕೆಆರ್ ಪಠ್ಯವೂ ಅದರಲ್ಲಿ ಸರಿಯಾಗಿಯೇ ತೆರೆಯುತ್ತದೆ, ಓದಲಾಗದ ಬೈಟ್ ಬಂದರೆ ಕೈಬಿಡುವ ಬದಲು ಕೆಲಸ ಅಲ್ಲಿಗೇ ನಿಲ್ಲುವಂತೆ ಹೊಂದಿಸಿ. ನಿಂತ ಕೆಲಸ ತಪ್ಪನ್ನು ತಾನಾಗಿಯೇ ತೋರಿಸಿಕೊಡುತ್ತದೆ.

ಚೌಕಗಳು ಜಾಮೊಗಳಾಗಿ ಬಿಚ್ಚಿಕೊಂಡಿದ್ದರೆ

ಕಡತದ ಹೆಸರಿನಲ್ಲಿ ಚೌಕಗಳ ಬದಲು ಬಿಡಿ ಜಾಮೊಗಳು ಸಾಲಾಗಿ ಕಾಣುವುದು, ಕಣ್ಣಿಗೆ ಸರಿಯಾಗಿಯೇ ಕಂಡರೂ ಹುಡುಕಿದರೆ ಸಿಗದಿರುವುದು ಈ ದೋಷದ ಲಕ್ಷಣ. ಮ್ಯಾಕ್ ಯಂತ್ರಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. 2017ರಲ್ಲಿ ಅದರ ಜಾಗಕ್ಕೆ ಬಂದ ಎಪಿಎಫ್‌ಎಸ್ ಕೊಟ್ಟ ರೂಪವನ್ನೇ ಉಳಿಸಿಕೊಳ್ಳುತ್ತದೆಯಾದರೂ, ಹಿಂದೆಯೇ ಬಿಡಿಸಿಟ್ಟ ಹೆಸರುಗಳು ಹಾಗೆಯೇ ಮುಂದೆ ಸಾಗುತ್ತವೆ. ಅವು ವಿಂಡೋಸ್‌ಗೆ ಬಂದಾಗ ಹಲವು ಕಡೆ ಬಿಚ್ಚಿಕೊಂಡೇ ಕಾಣುತ್ತವೆ.

ಇಲ್ಲಿ ಬೈಟ್‌ಗಳಲ್ಲಿ ತಪ್ಪಿಲ್ಲ. 54620 ಎಂಬ ಒಂದು ಸಂಕೇತವೂ, 4370, 4449, 4523 ಎಂಬ ಮೂರು ಜಾಮೊಗಳ ಸಾಲೂ ಯುನಿಕೋಡ್ ದೃಷ್ಟಿಯಲ್ಲಿ ಸಮಾನ. ಮೊದಲನೆಯದು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪ, ಎರಡನೆಯದು ಎನ್‌ಎಫ್‌ಡಿ ಎಂಬ ಬಿಡಿಸಿದ ರೂಪ. ಬೈಟ್‌ಗಳನ್ನಷ್ಟೇ ಹೋಲಿಸುವ ತಂತ್ರಾಂಶಕ್ಕೆ ಮಾತ್ರ ಅವು ಬೇರೆ ಬೇರೆ ಪದಗಳಾಗಿ ಕಾಣುತ್ತವೆ. ಕನ್ನಡಕ್ಕೂ ಈ ತೊಂದರೆ ಇದೆ: ‘ಕೋಲಾರ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಇಡಬಹುದು, ಎರಡೂ ಪರದೆಯಲ್ಲಿ ಒಂದೇ ಬಗೆಯಾಗಿ ಕಂಡರೂ ಹುಡುಕಾಟದಲ್ಲಿ ಒಂದು ಸಿಕ್ಕಿ ಇನ್ನೊಂದು ತಪ್ಪಿಸಿಕೊಳ್ಳಬಹುದು. ಪಠ್ಯವನ್ನು ಎನ್‌ಎಫ್‌ಸಿಗೆ ಪರಿವರ್ತಿಸಿದರೆ ಎರಡು ಭಾಷೆಗಳಲ್ಲೂ ದೋಷ ನಿವಾರಣೆಯಾಗುತ್ತದೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಇದಕ್ಕೆ ಸಿದ್ಧ ಸೌಲಭ್ಯವಿದೆ.

ಆದರೆ ಪರಿವರ್ತಿಸಿದ ಮೇಲೂ ಜಾಮೊಗಳು ಬಿಡಿಬಿಡಿಯಾಗಿಯೇ ಉಳಿದರೆ ಅವುಗಳ ಸಂಖ್ಯೆಗಳನ್ನು ನೋಡಿ. 12593ರಿಂದ 12686ರವರೆಗೆ ಜಾಮೊಗಳ ಇನ್ನೊಂದು ಗುಂಪಿದೆ. ಹಳೆಯ ಕೆಎಸ್ ಮಾನಕದೊಡನೆ ಹೊಂದಿಕೆಗಾಗಿ ಇಟ್ಟ ಈ ಜಾಮೊಗಳು ಒಂಟಿಯಾಗಿ ನಿಲ್ಲಲು ಇರುವಂಥವು, ಕೂಡಿಕೊಳ್ಳುವ ಗುಣ ಇವಕ್ಕಿಲ್ಲ. ಇವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಬದಲಿಗೆ, ಹೊಂದಿಕೆಗಾಗಿ ಇಟ್ಟ ಅಕ್ಷರಗಳನ್ನೂ ಬದಲಿಸಿ ಕೂಡಿಸುವ ಎನ್‌ಎಫ್‌ಕೆಸಿ ರೂಪವನ್ನು ಬಳಸಿದರೆ ಮೋಸಹೋಗುವ ಸಾಧ್ಯತೆಯೇ ಹೆಚ್ಚು: ಕೊನೆಯ ವ್ಯಂಜನವನ್ನೂ ಅದು ಆರಂಭದ ವ್ಯಂಜನವೆಂದೇ ಭಾವಿಸುವುದರಿಂದ ‘ಹನ್’ ಎಂಬ ಒಂದು ಚೌಕ ಬರುವ ಬದಲು ‘ಹ’ ಎಂಬ ಚೌಕವೂ ಪಕ್ಕದಲ್ಲಿ ಒಂಟಿ ನಕಾರವೂ ಬರುತ್ತವೆ. ಇಂಥ ಪಠ್ಯಕ್ಕೆ ಯಾವ ವ್ಯಂಜನ ಯಾವ ಚೌಕಕ್ಕೆ ಸೇರಬೇಕೆಂದು ನಿರ್ಧರಿಸುವ ಪ್ರತ್ಯೇಕ ಕ್ರಮವಿಧಿಯನ್ನೇ ಬರೆಯಬೇಕು. ಮೇಲೆ ಹೇಳಿದ ಗುಣಾಕಾರದ ಸೂತ್ರ ಆಗ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಸಾಲಿನ ಕೊನೆಯಲ್ಲಿ ಮಾತ್ರ ಒಡೆದಿದ್ದರೆ

ಬೈಟ್ ಲೆಕ್ಕದಲ್ಲಿ ಉದ್ದ ಮಿತಿಗೊಳಿಸಿದ ಅಂಕಣದಲ್ಲಿ ಪಠ್ಯ ಕತ್ತರಿಸಿಹೋಗಿದೆ ಎಂದರ್ಥ. 20 ಬೈಟ್‌ಗಳಲ್ಲಿ ಸಿಪಿ949ರ ಹತ್ತು ಚೌಕಗಳು ಹಿಡಿಸುತ್ತವೆ. ಯುಟಿಎಫ್-8ರಲ್ಲಿ ಆರು ಹಿಡಿಸಿ ಏಳನೆಯದು ನಡುವೆ ತುಂಡಾಗುತ್ತದೆ. ಮೂರು ಜಾಮೊಗಳಾಗಿ ಬಿಡಿಸಿದ ರೂಪದಲ್ಲಿ ಎರಡೇ ಚೌಕಗಳು. ಹಳೆಯ ಕೋಶದಿಂದ ಹೊಸದಕ್ಕೆ ದತ್ತಾಂಶ ಸಾಗಿಸುವಾಗ ಅಂಕಣಗಳ ಉದ್ದವನ್ನು ಹಿಗ್ಗಿಸಲು ಮರೆಯುವುದು ಸಾಮಾನ್ಯ.

ಗುರುತಿಸಿ ಕೈಬಿಡಬೇಕಾದವು

ಪಠ್ಯದ ಉದ್ದಕ್ಕೂ ಒಂದು ಹಾಂಜಾ ಅಕ್ಷರ, ಅದರ ನಂತರ ‘ಸ್ಸೋಕ್’ ಮತ್ತು ‘ಯೆಪ್’ ಎಂಬ ಎರಡು ಚೌಕಗಳು, ಈ ಮೂರೇ ಸರಪಳಿಯಂತೆ ಮರುಕಳಿಸುತ್ತಿದ್ದರೆ ಮೂಲ ಪಠ್ಯ ಆ ಕಡತದಲ್ಲಿ ಇಲ್ಲವೇ ಇಲ್ಲ. ಸಿಪಿ949ರ ಪಠ್ಯವನ್ನು ಯಾರೋ ಯುಟಿಎಫ್-8 ಎಂದು ಓದಿದ್ದಾರೆ. ಓದಲಾಗದ ಪ್ರತಿ ಬೈಟಿನ ಜಾಗದಲ್ಲೂ 239, 191, 189 ಎಂಬ ಬದಲಿ ಚಿಹ್ನೆ ಕುಳಿತಿದೆ. ಹಾಗೆಯೇ ಉಳಿಸಿದ ಕಡತವನ್ನು ಮತ್ತೊಬ್ಬರು ಸಿಪಿ949 ಎಂದು ತೆರೆದಾಗ ಆ ಬೈಟ್‌ಗಳು ಎರಡೆರಡಾಗಿ ಜೊತೆಗೂಡಿ ಈ ಮೂರು ಅಕ್ಷರಗಳಾಗಿವೆ. ಯಾವ ಪರಿವರ್ತನೆಯಿಂದಲೂ ಇದನ್ನು ಹಿಂದಕ್ಕೆ ತರಲಾಗದು. ಸಮಯ ವ್ಯರ್ಥ ಮಾಡದೆ ಮೂಲ ಪ್ರತಿಯನ್ನು ಕೇಳಿ ತರಿಸಿಕೊಳ್ಳಿ.

ಇದಕ್ಕೆ ವ್ಯತಿರಿಕ್ತವಾಗಿ, ಎಲ್ಲ ಕಡೆ ಒಂದೇ ಆಕಾರದ ಖಾಲಿ ಪೆಟ್ಟಿಗೆಗಳು ಕಂಡು, ಬೈಟ್‌ಗಳು ಮಾತ್ರ 234ರಿಂದ 237ರ ಗುರುತನ್ನು ತೋರುತ್ತಿದ್ದರೆ ಪಠ್ಯ ಸುರಕ್ಷಿತವಾಗಿದೆ. ಆಗ ಮಾತ್ರ ಫಾಂಟ್ ಬದಲಿಸುವುದು ಸರಿಯಾದ ಮದ್ದು. ಕೊರಿಯನ್ ವಿಂಡೋಸ್‌ನಲ್ಲಿ ಕಡತದ ವಿಳಾಸಗಳ ಓರೆಗೆರೆಯ ಜಾಗದಲ್ಲಿ ವಾನ್ ನಾಣ್ಯದ ಚಿಹ್ನೆ ಕಾಣುವುದೂ ದೋಷವಲ್ಲ. 92 ಎಂಬ ಬೈಟನ್ನು ಅಲ್ಲಿನ ಫಾಂಟ್‌ಗಳು ಹಾಗೆ ಬಿಡಿಸುತ್ತವೆ.

ತೀರ ಹಳೆಯ ದಾಖಲೆಗಳಲ್ಲಿ ಇನ್ನೊಂದು ವಿಚಿತ್ರ ಎದುರಾಗಬಹುದು. 1996ರಲ್ಲಿ ಯುನಿಕೋಡ್ 2.0 ಬರುವ ಮೊದಲು 6,656 ಹಂಗುಲ್ ಚೌಕಗಳು 13312ರಿಂದ ಆರಂಭವಾಗುವ ಬೇರೊಂದು ಜಾಗದಲ್ಲಿದ್ದವು. ಎಲ್ಲ 11,172 ಚೌಕಗಳನ್ನೂ ಕ್ರಮವಾಗಿ ಕೂರಿಸುವ ಸಲುವಾಗಿ ಅವನ್ನು ಇಂದಿನ ಜಾಗಕ್ಕೆ ಸಾಗಿಸಿದರು, ತೆರವಾದ ಜಾಗದಲ್ಲಿ ಮುಂದೆ ಚೀನೀ ಅಕ್ಷರಗಳು ಬಂದು ಕುಳಿತವು. ಕೊರಿಯನ್ ಇರಬೇಕಾದಲ್ಲಿ ಅಪರೂಪದ ಚೀನೀ ಅಕ್ಷರಗಳೇ ಸಾಲುಗಟ್ಟಿದ್ದರೆ ಈ ಸಾಧ್ಯತೆಯನ್ನು ನೆನೆಯಬೇಕು. ಒಮ್ಮೆ ಕೊಟ್ಟ ಸಂಕೇತಸಂಖ್ಯೆಯನ್ನು ಮುಂದೆಂದೂ ಬದಲಿಸುವುದಿಲ್ಲ ಎಂಬ ನಿಯಮವನ್ನು ಯುನಿಕೋಡ್ 2.0ರಿಂದಲೇ ಪಾಲಿಸುತ್ತ ಬಂದಿರುವುದರಿಂದ, ಅದರ ಈಚಿನ ಕಡತಗಳಿಗೆ ಈ ಭಯವಿಲ್ಲ.

ದುರಸ್ತಿಯ ನಂತರದ ತಪಾಸಣೆ

ಪರಿವರ್ತಿಸಿದ ಕಡತದಲ್ಲಿ 44032ರಿಂದ 55203ರೊಳಗಿನ ಸಂಕೇತಗಳನ್ನು ಎಣಿಸಿ, ಮೂಲದಲ್ಲಿದ್ದ ಎರಡು ಬೈಟಿನ ಹಂಗುಲ್ ಜೋಡಿಗಳ ಎಣಿಕೆಯೊಡನೆ ಹೋಲಿಸಿ. ಎರಡೂ ಒಂದೇ ಆಗಿರಬೇಕು. 65533 ಎಂಬ ಸಂಕೇತಸಂಖ್ಯೆಯ ಬದಲಿ ಚಿಹ್ನೆ ಒಂದಾದರೂ ಉಳಿದಿದೆಯೇ ಎಂದು ಹುಡುಕಿ. 4352ರಿಂದ 4607ರೊಳಗಿನ ಜಾಮೊಗಳು ಸಿಕ್ಕರೆ ಎನ್‌ಎಫ್‌ಸಿ ಹೆಜ್ಜೆ ತಪ್ಪಿದೆ ಎಂದುಕೊಳ್ಳಬಹುದು. ಆದರೆ ಪಠ್ಯ ಪ್ರಾಚೀನ ಕೊರಿಯನ್ ಆಗಿದ್ದರೆ ಅವು ಇರಲೇಬೇಕು, ಏಕೆಂದರೆ ಇಂದು ಬಳಕೆಯಲ್ಲಿಲ್ಲದ ಜಾಮೊಗಳ ಚೌಕಗಳು 11,172ರಲ್ಲಿ ಸೇರಿಲ್ಲ.

ಕಡೆಯದಾಗಿ, ನೀವು ಸಿದ್ಧಪಡಿಸಿದ ಕ್ರಮವಿಧಿಗೆ ನಮ್ಮ ಮಾದರಿಯ ಎರಡು ಚೌಕಗಳ ಜೊತೆಗೆ ‘ತ್ತೊಮ್’ ಚೌಕವನ್ನೂ ಸೇರಿಸಿ ಒಂದು ಪುಟ್ಟ ಕಡತ ಕೊಟ್ಟು ನೋಡಿ. 140, 99 ಒಳಗೆ ಹೋಗಿ 46624 ಹೊರಗೆ ಬಂದರೆ ಕೆಲಸ ಮುಂದುವರಿಸಬಹುದು. ಬೆಂಗಳೂರಿನ ಆ ಸರಕುಪಟ್ಟಿಯನ್ನು ಎರಡನೆಯ ಸಲ ತುಂಬಿಸುವ ಮೊದಲು ನಾನು ನಡೆಸಿದ ಪರೀಕ್ಷೆ ಇದೇ. ಆ ಸಲ ಒಂದು ಹೆಸರಿನಲ್ಲೂ ಇಂಗ್ಲಿಷ್ ಅಕ್ಷರ ಉಳಿಯಲಿಲ್ಲ.